ನಾರ್ತ್ ಕೆರೊಲಿನಾದ ಫ್ಲೌಂಡರ್ ನಿಯಮಗಳು: ಅಳತೆಯ ಮಿತಿಯೊಂದರಿಂದ ಈ ಮೀನು ಉಳಿದೀತೇ?

ಪ್ರಶ್ನೆ: ರಾಲೀ_ಕುಂದಾಪುರ

ಮಾನ್ಯರೇ,

ನಾರ್ತ್ ಕೆರೊಲಿನಾದ ರಾಲೀ ನಗರದ ಸಮೀಪ ವಾಸವಾಗಿರುವ ನಾನು ಕುಂದಾಪುರದ ಕಡೆಯವನು. ಇಲ್ಲಿಗೆ ಬಂದ ಮೇಲೂ ಕಡಲಿನ ನಂಟನ್ನು ಬಿಟ್ಟಿಲ್ಲ. ಬಿಡುವಾದಾಗಲೆಲ್ಲ ಕಡಲತೀರದ ಊರಾದ ಎಮರಾಲ್ಡ್ ಐಲ್ ಕಡೆಗೆ ಹೋಗಿ, ಪರವಾನಗಿ ಪಡೆದು, ಗಾಳ ಹಾಕುತ್ತೇನೆ. ಇಲ್ಲಿನವರು ಬಹಳ ಪ್ರೀತಿಯಿಂದ ತಿನ್ನುವ ಮೀನುಗಳಲ್ಲಿ ಸದರ್ನ್ ಫ್ಲೌಂಡರ್ ಒಂದು. ನಮ್ಮ ನಂಗಿನ ಹಾಗೆ ಚಪ್ಪಟೆಯಾಗಿ, ಎರಡೂ ಕಣ್ಣುಗಳು ಒಂದೇ ಮಗ್ಗುಲಿಗೆ ಬಂದಿರುವ ಮೀನು. ಆದರೆ ಗಾತ್ರದಲ್ಲಿ ನಂಗಿಗಿಂತ ಎಷ್ಟೋ ದೊಡ್ಡದು.

ಕೆಲವು ವರ್ಷಗಳಿಂದ ಈ ಮೀನಿನ ಮೇಲಿನ ನಿರ್ಬಂಧಗಳು ಬಿಗಿಯಾಗುತ್ತಲೇ ಇವೆ. 2019ರ ಸೆಪ್ಟೆಂಬರ್ ಆರಂಭದಲ್ಲಿ ಹವ್ಯಾಸಿಗಳಿಗೆ ಫ್ಲೌಂಡರ್ ಹಿಡಿಯುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. 2020ರಲ್ಲಿ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನಕ್ಕೆ ನಾಲ್ಕು ಮೀನಿಗೆ ಅವಕಾಶವಿತ್ತು. 2021ರಲ್ಲಿ ಅದು ಎರಡು ವಾರಕ್ಕೆ ಇಳಿಯಿತು. 2022ರಲ್ಲಿ ಒಂದು ತಿಂಗಳು ತೆರೆದರೂ ದಿನಕ್ಕೆ ಒಂದೇ ಮೀನು ಎಂದರು. 2023ರಲ್ಲಿ ಮತ್ತೆ ಎರಡು ವಾರ, ದಿನಕ್ಕೆ ಒಂದೇ ಮೀನು. 2024ರಲ್ಲಿ ಕರಾವಳಿ ನೀರಿನಲ್ಲಿ ಹವ್ಯಾಸಿಗಳಿಗೆ ಹಿಡಿಯುವ ಋತುವನ್ನೇ ತೆರೆಯಲಿಲ್ಲ. ಈ ಎಲ್ಲ ವರ್ಷಗಳಲ್ಲೂ ಕನಿಷ್ಠ ಅಳತೆ ಮಾತ್ರ 15 ಅಂಗುಲವಾಗಿಯೇ ಉಳಿದಿದೆ.

ಮೀನನ್ನು ಉಳಿಸಬೇಕೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ನಿಯಮಗಳ ಹಿಂದಿನ ತರ್ಕ ಪೂರ್ತಿಯಾಗಿ ಅರ್ಥವಾಗುತ್ತಿಲ್ಲ. ಹವ್ಯಾಸಿಗಳ ಋತುವನ್ನು ಹೀಗೆ ಕತ್ತರಿಸುವ ಬದಲು ಅಳತೆಯ ಮಿತಿಯನ್ನು 16 ಅಥವಾ 17 ಅಂಗುಲಕ್ಕೆ ಏರಿಸಿ, ಹೆಚ್ಚು ದಿನ ಹಿಡಿಯಲು ಬಿಟ್ಟರೆ ಸಾಲದೇ? ಋತು ಮುಚ್ಚಿದ್ದಾಗ ಬೇರೆ ಜಾತಿಯ ಫ್ಲೌಂಡರ್ ಸಿಕ್ಕರೂ ನೀರಿಗೆ ಬಿಡಬೇಕಾಗಿ ಬಂದದ್ದೇಕೆ? ಪಕ್ಕದ ರಾಜ್ಯಗಳಲ್ಲಿ ಇಷ್ಟು ಕಟ್ಟುನಿಟ್ಟು ಇಲ್ಲದಿರುವಾಗ ಇಲ್ಲಿನ ಮೀನುಗಾರರು ಮಾತ್ರ ತ್ಯಾಗ ಮಾಡಿದರೆ ಫಲ ಸಿಕ್ಕೀತೇ? ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಅಳಿವೆ_ಅಧ್ಯಯನ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಈ ಮೀನಿನ ಬದುಕಿನ ಕ್ರಮದಲ್ಲಿಯೇ ಇದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಸದರ್ನ್ ಫ್ಲೌಂಡರ್ ತನ್ನ ಬಾಲ್ಯವನ್ನೂ ಬೆಳವಣಿಗೆಯ ವರ್ಷಗಳನ್ನೂ ಪಾಮ್ಲಿಕೊ ಸೌಂಡ್, ಆಲ್ಬೆಮಾರ್ಲ್ ಸೌಂಡ್, ನ್ಯೂಸ್ ನದಿಯಂತಹ ಉಪ್ಪು ಕಡಿಮೆಯಿರುವ ಹಿನ್ನೀರುಗಳಲ್ಲಿ ಕಳೆಯುತ್ತದೆ. ಪ್ರಾಯಕ್ಕೆ ಬಂದ ಮೀನುಗಳು ಶರತ್ಕಾಲದಲ್ಲಿ ನೀರು ತಣ್ಣಗಾಗತೊಡಗಿದೊಡನೆ ಅಳಿವೆಗಳ ಮೂಲಕ ಹೊರಗಿನ ಸಾಗರಕ್ಕೆ ಹೊರಟು, ಚಳಿಗಾಲದಲ್ಲಿ ಅಲ್ಲಿ ಮೊಟ್ಟೆಯಿಡುತ್ತವೆ. ಹುಟ್ಟಿದ ಮರಿಗಳಿಗೆ ಮೊದಲು ಎಲ್ಲ ಮೀನುಗಳಂತೆ ಅತ್ತೊಂದು ಇತ್ತೊಂದು ಕಣ್ಣು ಇರುತ್ತವೆ. ಬೆಳೆಯುತ್ತ ಬಲಗಣ್ಣು ತಲೆಯ ಮೇಲಿನಿಂದ ಸರಿದು ಎಡಮಗ್ಗುಲಿಗೆ ಬರುತ್ತದೆ. ಅಲೆ ಮತ್ತು ಭರತದ ಜೊತೆ ತೇಲಿಕೊಂಡು ಬಂದ ಮರಿಗಳು ಚಳಿಗಾಲದ ಕೊನೆಯ ಹೊತ್ತಿಗೆ ಮತ್ತೆ ಹಿನ್ನೀರು ಸೇರುತ್ತವೆ. ಅಂದರೆ ಹೊರಗೆ ಹೋಗಬೇಕಾದ ತಾಯಿಮೀನುಗಳೆಲ್ಲ ವರ್ಷದ ಕೆಲವೇ ವಾರಗಳಲ್ಲಿ, ಕೆಲವೇ ಕಿರಿದಾದ ಅಳಿವೆ ಬಾಯಿಗಳ ಮೂಲಕ ದಾಟಬೇಕು. ಮೀನು ಯಾವ ಹೊತ್ತಿಗೆ ಎಲ್ಲಿ ಸಿಗುತ್ತದೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ಹಿಡಿಯುವವರು ಹೆಚ್ಚಾಗಿ ಸೇರುವುದೂ ಅದೇ ಹೊತ್ತಿಗೆ.

ಇನ್ನು ಅಳತೆಯ ವಿಚಾರ. ಈ ಜಾತಿಯಲ್ಲಿ ಗಂಡು ಚಿಕ್ಕದು, ಹೆಣ್ಣು ದೊಡ್ಡದು. ಹೆಚ್ಚಿನ ಗಂಡುಗಳು 15 ಅಂಗುಲವನ್ನು ತಲುಪುವುದೇ ಇಲ್ಲ. ಆದ್ದರಿಂದ 15 ಅಂಗುಲದ ಕನಿಷ್ಠ ಮಿತಿ ಇಟ್ಟಾಗ ಮನೆಗೆ ಒಯ್ಯುವ ಮೀನುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಆಗಿರುತ್ತವೆ. ಹೆಣ್ಣುಗಳಲ್ಲಿ ಅರ್ಧದಷ್ಟು ಮೊಟ್ಟೆಯಿಡುವ ಪ್ರಾಯಕ್ಕೆ ಬರುವುದು ಸುಮಾರು 16 ಅಂಗುಲದಲ್ಲಿ. ಹಾಗಾಗಿ ಹಿಡಿದ ಹೆಣ್ಣುಗಳಲ್ಲಿ ಬಹುಪಾಲು ಒಮ್ಮೆಯೂ ಮೊಟ್ಟೆಯಿಡದೆ ತೀರಿಹೋಗುತ್ತವೆ. ಮಿತಿಯನ್ನು 17ಕ್ಕೆ ಏರಿಸಿದರೆ ಇನ್ನಷ್ಟು ಹೆಣ್ಣುಗಳಿಗೆ ಒಂದು ಅವಕಾಶ ಸಿಗುತ್ತದೆ ಎಂಬುದು ನಿಜ. ಆದರೆ ಆಗ ಒತ್ತಡವೆಲ್ಲ ಹೆಚ್ಚು ಮೊಟ್ಟೆಯಿಡಬಲ್ಲ ದೊಡ್ಡ ತಾಯಿಮೀನುಗಳ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲದೆ, ಅಳತೆಗೆ ಸಾಲದೆಂದು ನೀರಿಗೆ ಮರಳಿಸುವ ಮೀನುಗಳ ಸಂಖ್ಯೆಯೂ ಏರುತ್ತದೆ. ಗಾಳದಿಂದ ಬಿಡಿಸಿ ಬಿಟ್ಟ ಫ್ಲೌಂಡರ್‌ಗಳಲ್ಲಿ ಹತ್ತರಲ್ಲಿ ಸರಿಸುಮಾರು ಒಂದು ಸಾಯುತ್ತದೆಂಬ ಅಂದಾಜಿನ ಮೇಲೆ ಇಲ್ಲಿನ ಲೆಕ್ಕಗಳು ನಡೆಯುತ್ತವೆ. ಗಿಲ್‌ನೆಟ್‌ನಲ್ಲಿ, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆಯಲ್ಲಿ, ಸಿಕ್ಕಿ ಬಿಡಿಸಿಕೊಂಡವುಗಳಲ್ಲಿ ಸಾವು ಅದಕ್ಕಿಂತ ಹೆಚ್ಚು. ಋತುವನ್ನು ಉದ್ದ ಮಾಡಿ ಅಳತೆಯನ್ನು ಏರಿಸುವುದೆಂದರೆ, ಒಯ್ಯದೆಯೇ ಕೊಲ್ಲುವ ಮೀನುಗಳ ಲೆಕ್ಕವನ್ನು ಬೆಳೆಸುವುದು ಎಂದೂ ಅರ್ಥ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಫ್ಲೌಂಡರ್ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನು ವಂಶವಾಹಿಯೊಂದೇ ನಿರ್ಧರಿಸುವುದಿಲ್ಲ. ವಂಶವಾಹಿಯ ಪ್ರಕಾರ ಹೆಣ್ಣಾಗಬೇಕಾದ ಮರಿ, ಕೆಲವೇ ಅಂಗುಲ ಉದ್ದವಿರುವ ಎಳೆಯ ಪ್ರಾಯದಲ್ಲಿ ಅತಿ ಬೆಚ್ಚಗಿನ ಅಥವಾ ಅತಿ ತಂಪಾದ ನೀರಿನಲ್ಲಿ ಬೆಳೆದರೆ ಗಂಡಾಗಿ ಮಾರ್ಪಡಬಲ್ಲದು. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಮೊದಲು ಪ್ರಯೋಗಾಲಯದಲ್ಲಿ ತೋರಿಸಿದರು. ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಡು ಹೆಣ್ಣು ಸಮವಾಗಿ ಬಂದರೆ, 18ರಲ್ಲಿಯೂ 28ರಲ್ಲಿಯೂ ಗಂಡುಗಳೇ ಹೆಚ್ಚಾದವು. 2019ರಲ್ಲಿ ಪ್ರಕಟವಾದ ಅಧ್ಯಯನವು ಇದೇ ಪರಿಣಾಮವನ್ನು ರಾಜ್ಯದ ನೈಸರ್ಗಿಕ ಹಿನ್ನೀರುಗಳಲ್ಲಿಯೂ ಕಂಡಿತು. ದಕ್ಷಿಣದ ಬೆಚ್ಚಗಿನ ನೀರಿನ ಮರಿಗಳಲ್ಲಿ ಗಂಡಿನ ಪ್ರಮಾಣ ನೂರಕ್ಕೆ 94ರವರೆಗೆ ಇತ್ತು.

ಈಗ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ನೀರು ಬಿಸಿಯಾದಷ್ಟೂ ಹುಟ್ಟುವ ಹೆಣ್ಣುಗಳು ಕಡಿಮೆಯಾಗುತ್ತವೆ. ನಮ್ಮ ನಿಯಮವಾದರೋ ಹೆಣ್ಣುಗಳನ್ನೇ ಆಯ್ದು ಹಿಡಿಯಲು ಹೇಳುತ್ತದೆ. ನೀರಿನ ಬಿಸಿಯನ್ನು ಯಾವ ರಾಜ್ಯದ ಮೀನುಗಾರಿಕೆ ಇಲಾಖೆಯೂ ಇಳಿಸಲಾರದು, ಹಿಡಿಯುವ ಪ್ರಮಾಣವನ್ನು ಇಳಿಸಬಲ್ಲದು. ಅಳತೆಯ ಮಿತಿ ಇರಲಿ, ಆದರೆ ಅದರ ಮೇಲೆಯೇ ಭಾರ ಹಾಕುವುದು ಈ ಮೀನಿನ ಮಟ್ಟಿಗೆ ತಪ್ಪು ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಟ್ಟು ಎಷ್ಟು ತೂಕ ಹಿಡಿಯಬಹುದು ಎಂಬ ಮಿತಿ ಮತ್ತು ಹೊರಟ ಮೀನಿಗೆ ಅಳಿವೆ ದಾಟಲು ಬಿಡುವ ಮುಚ್ಚುಗಡೆ, ಇವೆರಡೇ ಇಲ್ಲಿ ನಿಜವಾಗಿ ಕೆಲಸ ಮಾಡಬಲ್ಲವು.

ಬೇರೆ ಜಾತಿಗಳ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಇಲ್ಲಿ ಸದರ್ನ್, ಸಮ್ಮರ್, ಗಲ್ಫ್ ಎಂಬ ಮೂರು ಬಗೆಯ ಫ್ಲೌಂಡರ್‌ಗಳು ಒಂದೇ ನೀರಿನಲ್ಲಿ ಸಿಗುತ್ತವೆ. ಸಮ್ಮರ್ ಮತ್ತು ಗಲ್ಫ್ ಫ್ಲೌಂಡರ್‌ಗಳ ಮೈಮೇಲೆ ಸುತ್ತ ಅಂಚಿರುವ ಕಣ್ಣಿನಂತಹ ಚುಕ್ಕೆಗಳಿರುತ್ತವೆ, ಸದರ್ನ್ ಫ್ಲೌಂಡರ್‌ಗೆ ಅವು ಇಲ್ಲ. ಆದರೆ ಮೈಬಣ್ಣವನ್ನು ನೆಲಕ್ಕೆ ತಕ್ಕಂತೆ ಬದಲಿಸುವ ಮೀನಿನಲ್ಲಿ ಆ ಚುಕ್ಕೆಗಳನ್ನು ಗುರುತಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲವಾದ್ದರಿಂದ ಹವ್ಯಾಸಿಗಳಿಗೆ ಮೂರಕ್ಕೂ ಒಟ್ಟಿಗೆ ಬಾಗಿಲು ಹಾಕಿದರು.

ಉತ್ತರ: ಕಡಲ_ಕಾನೂನು

ಮೇಲಿನ ಉತ್ತರದ ಜೀವಶಾಸ್ತ್ರವನ್ನು ಒಪ್ಪುತ್ತೇನೆ. ಆದರೆ ಈ ನಿಯಮಗಳು ಏಕೆ ಇಷ್ಟು ತಡವಾಗಿ, ಇಷ್ಟು ಕಠೋರವಾಗಿ ಬಂದವು ಎಂಬುದನ್ನು ತಿಳಿಯದಿದ್ದರೆ ಇಲ್ಲಿನ ಜನರ ಸಿಟ್ಟು ಅರ್ಥವಾಗುವುದಿಲ್ಲ.

1997ರ ಮೀನುಗಾರಿಕೆ ಸುಧಾರಣಾ ಕಾಯ್ದೆಯ ಪ್ರಕಾರ ನಾರ್ತ್ ಕೆರೊಲಿನಾ ತನ್ನ ಮುಖ್ಯ ಮೀನುಗಳಿಗೆಲ್ಲ ನಿರ್ವಹಣಾ ಯೋಜನೆಗಳನ್ನು ಮಾಡಬೇಕು. ಅತಿಯಾದ ಹಿಡಿತ, ಅಂದರೆ ಮಿತಿಮೀರಿ ಮೀನು ಹಿಡಿಯುವುದು, ನಡೆಯುತ್ತಿದ್ದರೆ ಯೋಜನೆ ಅಂಗೀಕಾರವಾದ ಎರಡು ವರ್ಷಗಳೊಳಗೆ ಅದನ್ನು ನಿಲ್ಲಿಸಬೇಕು ಮತ್ತು ಹತ್ತು ವರ್ಷಗಳೊಳಗೆ ಮೀನಿನ ಸಂತತಿ ಚೇತರಿಸಿಕೊಳ್ಳಬೇಕು. ನಿರ್ಧಾರ ಮಾಡುವುದು ರಾಜ್ಯಪಾಲರು ನೇಮಿಸುವ ಒಂಬತ್ತು ಜನರ ಸಾಗರ ಮೀನುಗಾರಿಕೆ ಆಯೋಗ. ಅದರಲ್ಲಿ ಮೂವರು ವೃತ್ತಿಪರ ಮೀನುಗಾರಿಕೆಯ ಕಡೆಯವರು, ಮೂವರು ಹವ್ಯಾಸಿಗಳ ಕಡೆಯವರು, ಒಬ್ಬರು ವಿಜ್ಞಾನಿ, ಉಳಿದಿಬ್ಬರು ಸಾಮಾನ್ಯ ಸದಸ್ಯರು. ಫ್ಲೌಂಡರ್‌ನ ಮೊದಲ ಯೋಜನೆ ಬಂದದ್ದು 2005ರಲ್ಲಿ, ಅದರ ಮೊದಲ ತಿದ್ದುಪಡಿ 2013ರಲ್ಲಿ. 2015ರಲ್ಲಿ ತಂದ ಪೂರಕ ಕ್ರಮಗಳ ಒಂದು ಭಾಗಕ್ಕೆ 2016ರಲ್ಲಿ ನ್ಯಾಯಾಲಯದ ತಡೆ ಬಿತ್ತು. ಹೀಗೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತ, ಬಿಗಿ ಮಾಡಿದ್ದನ್ನು ಪ್ರಶ್ನಿಸಿ ವ್ಯಾಜ್ಯ ಹೂಡುತ್ತ ಕಳೆದ ವರ್ಷಗಳಲ್ಲಿ ಮೀನು ಮಾತ್ರ ಕಡಿಮೆಯಾಗುತ್ತಲೇ ಹೋಯಿತು. 1994ರಲ್ಲಿ ರಾಜ್ಯದ ವೃತ್ತಿಪರರು ದಡಕ್ಕೆ ತಂದ ಸದರ್ನ್ ಫ್ಲೌಂಡರ್ 48 ಲಕ್ಷ ಪೌಂಡ್‌ಗೂ ಹೆಚ್ಚು. ಆ ಮಟ್ಟ ಮತ್ತೆಂದೂ ಬರಲಿಲ್ಲ.

2019ರಲ್ಲಿ ಎರಡೂ ಕರೊಲಿನಾಗಳು, ಜಾರ್ಜಿಯಾ ಮತ್ತು ಫ್ಲಾರಿಡಾದ ಅಟ್ಲಾಂಟಿಕ್ ತೀರವನ್ನು ಸೇರಿಸಿ ಮಾಡಿದ, ನೀರಿನಲ್ಲಿ ಎಷ್ಟು ಮೀನು ಉಳಿದಿದೆ ಎಂಬ ಅಂದಾಜು, 2017ರವರೆಗಿನ ಮಾಹಿತಿಯ ಆಧಾರದಲ್ಲಿ, ಸಂತತಿ ಕುಗ್ಗಿದೆ ಮತ್ತು ಅತಿಯಾದ ಹಿಡಿತ ಇನ್ನೂ ನಡೆಯುತ್ತಿದೆ ಎಂದು ಹೇಳಿತು. ಹತ್ತು ವರ್ಷಗಳ ಗುರಿ ತಲುಪಲು 2017ರ ಮಟ್ಟದಿಂದ ನೂರಕ್ಕೆ 72ರಷ್ಟು ಕಡಿತ ಬೇಕೆಂಬ ಲೆಕ್ಕ ಬಂತು. ಆ ವರ್ಷದ ಆಗಸ್ಟ್‌ನಲ್ಲಿ ಅಂಗೀಕಾರವಾದ ಎರಡನೆಯ ತಿದ್ದುಪಡಿ 2019ಕ್ಕೆ 62ರಷ್ಟು, 2020ರಿಂದ 72ರಷ್ಟು ಕಡಿತವನ್ನು ವಿಧಿಸಿತು. ನಿಮಗೆ ಸೆಪ್ಟೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಅನ್ನಿಸಿದ ಮುಚ್ಚುಗಡೆ ಇದರ ಫಲ. 2022ರ ಮೇ ತಿಂಗಳಲ್ಲಿ ಬಂದ ಮೂರನೆಯ ತಿದ್ದುಪಡಿ ಒಟ್ಟು ಮಿತಿಯನ್ನು ಸುಮಾರು 5.32 ಲಕ್ಷ ಪೌಂಡ್‌ಗೆ ಕಟ್ಟಿಹಾಕಿತು. ಅದರಲ್ಲಿ ವೃತ್ತಿಪರರಿಗೆ 70, ಹವ್ಯಾಸಿಗಳಿಗೆ 30 ಎಂಬ ಪಾಲಿನಿಂದ ಆರಂಭಿಸಿ ಕ್ರಮೇಣ ಸಮಪಾಲಿನ ಕಡೆಗೆ ಸಾಗುವ ವ್ಯವಸ್ಥೆ ಮಾಡಿತು. ಯಾರು ತಮ್ಮ ಪಾಲನ್ನು ಮೀರುತ್ತಾರೋ ಅವರ ಮುಂದಿನ ವರ್ಷದ ಪಾಲಿನಿಂದ ಅಷ್ಟೇ ತೂಕವನ್ನು ಕಳೆಯುವುದು ಇದರ ಜೀವಾಳ. 2023ರ ಎರಡು ವಾರಗಳಲ್ಲಿಯೇ ಹವ್ಯಾಸಿಗಳು ತಮ್ಮ ಪಾಲನ್ನು ದಾಟಿದ್ದರಿಂದ 2024ರಲ್ಲಿ ಅವರಿಗೆ ಋತು ಉಳಿಯಲಿಲ್ಲ.

ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಹವ್ಯಾಸಿಗಳು ಗಿಲ್‌ನೆಟ್‌ನವರನ್ನು ದೂರುತ್ತಾರೆ, ಬಲೆಯವರು ದೋಣಿ ಕಟ್ಟಿಕೊಂಡು ಬರುವ ಸಾವಿರಾರು ಹವ್ಯಾಸಿಗಳನ್ನು ದೂರುತ್ತಾರೆ. ಪಾಮ್ಲಿಕೊ ಸುತ್ತಲಿನ ಊರುಗಳಲ್ಲಿ ಪೌಂಡ್ ನೆಟ್ ಹೂಡಿ ಜೀವನ ನಡೆಸುವ ಕುಟುಂಬಗಳಿಗೆ ಶರತ್ಕಾಲದ ಫ್ಲೌಂಡರ್ ಒಂದು ಹೊತ್ತಿನ ವಿನೋದವಲ್ಲ. ವರ್ಷದ ಆದಾಯದ ದೊಡ್ಡ ಭಾಗ. ಕಂಬಗಳನ್ನು ನೆಟ್ಟು, ಉದ್ದನೆಯ ಬಲೆಯ ಗೋಡೆಯಿಂದ ಮೀನನ್ನು ಕೋಣೆಯೊಳಗೆ ತಿರುಗಿಸುವ ಆ ಬಲೆಯಲ್ಲಿ ಮೀನು ಜೀವಂತವಾಗಿರುವುದರಿಂದ ಚಿಕ್ಕದನ್ನು ಬಿಡುವುದು ಸುಲಭ. ನನಗೆ ಕೇಳಿದರೆ, ವೃತ್ತಿಪರರ ಪಾಲನ್ನು ಇಳಿಸುವುದೇ ಆದರೆ ಗಿಲ್‌ನೆಟ್‌ನಿಂದ ಆರಂಭಿಸಿ, ಪೌಂಡ್ ನೆಟ್ಟನ್ನು ಕೊನೆಗೆ ಮುಟ್ಟಬೇಕು. ಗಿಲ್‌ನೆಟ್‌ಗೆ ಕಡಲಾಮೆಗಳೂ ಸ್ಟರ್ಜನ್ ಮೀನುಗಳೂ ಸಿಕ್ಕಿಕೊಳ್ಳುವುದರಿಂದ ಅದಕ್ಕೆ ಈಗಾಗಲೇ ಕೇಂದ್ರ ಸರ್ಕಾರದ ಪ್ರತ್ಯೇಕ ಅನುಮತಿಯೂ ವೀಕ್ಷಕರೂ ಬೇಕು.

ಪಕ್ಕದ ರಾಜ್ಯಗಳ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಗುರುತಿನ ಪಟ್ಟಿ ಹಾಕಿ ಇಲ್ಲಿ ಬಿಟ್ಟ ಮೀನುಗಳು ಸೌತ್ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾಗಳಲ್ಲಿ ಸಿಕ್ಕಿವೆ. ಮೊಟ್ಟೆಯಿಡಲು ಹೊರಗೆ ಹೋದ ಮೀನು ಮರಳುವಾಗ ದಕ್ಷಿಣದ ಕಡೆಗೆ ಸಾಗುವುದು ಸಾಮಾನ್ಯ. ಅಟ್ಲಾಂಟಿಕ್ ತೀರದ್ದೆಲ್ಲ ಒಂದೇ ಸಂತತಿ. ಸಮ್ಮರ್ ಫ್ಲೌಂಡರ್‌ಗೆ ಹಲವು ರಾಜ್ಯಗಳು ಸೇರಿ ಮಾಡುವ ಜಂಟಿ ನಿರ್ವಹಣೆ ಇದೆ. ಸದರ್ನ್ ಫ್ಲೌಂಡರ್‌ಗೆ ಅಂತಹದ್ದು ಇಲ್ಲ, ಪ್ರತಿ ರಾಜ್ಯವೂ ತನ್ನ ತನ್ನ ಕಾನೂನು ಮಾಡಿಕೊಳ್ಳುತ್ತದೆ. ಆದರೂ ನೆರೆಯವರು ಸುಮ್ಮನಿಲ್ಲ. 2021ರಲ್ಲಿ ಸೌತ್ ಕೆರೊಲಿನಾ ಅಳತೆಯನ್ನು 16 ಅಂಗುಲಕ್ಕೆ ಏರಿಸಿ ದಿನಕ್ಕೆ ಐದು ಮೀನಿಗೆ ಇಳಿಸಿತು. ಅದೇ ವರ್ಷ ಫ್ಲಾರಿಡಾ 14 ಅಂಗುಲ, ಐದು ಮೀನು ಎಂದು ಮಾಡಿ, ಅಕ್ಟೋಬರ್ 15ರಿಂದ ನವೆಂಬರ್ 30ರವರೆಗೆ ಹಿಡಿಯುವುದನ್ನು ನಿಲ್ಲಿಸಿತು. ಹಾಗಿದ್ದೂ ಅಟ್ಲಾಂಟಿಕ್ ಕಡೆಯ ವೃತ್ತಿಪರ ಹಿಡಿತದ ಬಹುಪಾಲು ನಾರ್ತ್ ಕೆರೊಲಿನಾದ್ದೇ ಆಗಿರುವುದರಿಂದ ದೊಡ್ಡ ಕಡಿತ ಇಲ್ಲಿಂದಲೇ ಆರಂಭವಾಗುವುದು ಅನಿವಾರ್ಯವಾಗಿತ್ತು.

ಉತ್ತರ: ಹೂಸ್ಟನ್_ಓದುಗ

ಟೆಕ್ಸಸ್‌ನ ಅನುಭವವನ್ನು ಇಲ್ಲಿ ಹೇಳುವುದು ಉಪಯುಕ್ತವಾದೀತು. ಗಲ್ಫ್ ತೀರದ ಸದರ್ನ್ ಫ್ಲೌಂಡರ್ ಸಂತತಿ ಅಟ್ಲಾಂಟಿಕ್‌ನದರಿಂದ ಬೇರೆ. ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಈ ಮೀನು ಇಲ್ಲ. ಬದುಕಿನ ಕ್ರಮ ಮಾತ್ರ ಅದೇ.

ಟೆಕ್ಸಸ್ 1988ರಲ್ಲಿಯೇ ಗಿಲ್‌ನೆಟ್ಟನ್ನು ನಿಷೇಧಿಸಿತು. 1995ರಿಂದ ಒಳನೀರಿನ ಸಿಗಡಿ ದೋಣಿಗಳ ಪರವಾನಗಿಗಳನ್ನು ಸರ್ಕಾರ ಹಣ ಕೊಟ್ಟು ಹಿಂದಕ್ಕೆ ಪಡೆಯುತ್ತ ಬಂದಿದ್ದರಿಂದ, ಸಿಗಡಿ ಬಲೆಗಳಲ್ಲಿ ಸಿಕ್ಕಿ ಸಾಯುವ ಫ್ಲೌಂಡರ್ ಮರಿಗಳೂ ಕಡಿಮೆಯಾದವು. ಇಷ್ಟಾದರೂ ಇಳಿಕೆ ನಿಲ್ಲಲಿಲ್ಲ. ಹಾಗಾಗಿ 2009ರಲ್ಲಿ ಹವ್ಯಾಸಿಗಳ ಮಿತಿಯನ್ನು ದಿನಕ್ಕೆ ಹತ್ತರಿಂದ ಐದಕ್ಕೆ ಇಳಿಸಿ, ಮೀನು ಹೊರಗೆ ಸಾಗುವ ನವೆಂಬರ್‌ನಲ್ಲಿ ಎರಡೇ ಮೀನು ಎಂದು ಮಾಡಿ, ಆ ತಿಂಗಳು ಗಿಗ್ ಹಿಡಿದು ಚುಚ್ಚುವುದನ್ನು ನಿಲ್ಲಿಸಿದರು. ರಾತ್ರಿ ತೆಳುನೀರಿನಲ್ಲಿ ದೀಪ ಹಿಡಿದು ನಡೆಯುತ್ತ, ಮರಳಿನಲ್ಲಿ ಮೈಹುದುಗಿಸಿ ಮಲಗಿದ ಮೀನನ್ನು ಈಟಿಯಿಂದ ಚುಚ್ಚುವುದು ಇಲ್ಲಿ ಹಳೆಯ ರೂಢಿ. ಚುಚ್ಚಿದ ಮೇಲೆ ಅಳತೆಗೆ ಸಾಲದೆಂದು ತಿಳಿದರೆ ಬಿಟ್ಟೂ ಪ್ರಯೋಜನವಿಲ್ಲ. 2014ರಲ್ಲಿ ಎರಡು ಮೀನಿನ ಮಿತಿಯನ್ನು ಡಿಸೆಂಬರ್‌ನ ಮೊದಲ ಎರಡು ವಾರಗಳಿಗೂ ವಿಸ್ತರಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಅಳತೆ 14ರಿಂದ 15 ಅಂಗುಲಕ್ಕೆ ಏರಿತು. 2021ರಿಂದ ನವೆಂಬರ್ 1ರಿಂದ ಡಿಸೆಂಬರ್ 14ರವರೆಗೆ ಎಲ್ಲರಿಗೂ, ಎಲ್ಲ ವಿಧಾನಗಳಿಗೂ ಪೂರ್ಣ ಮುಚ್ಚುಗಡೆ. ಲೂಸಿಯಾನಾ, ಅಲಬಾಮಾಗಳೂ ಶರತ್ಕಾಲದ ಮುಚ್ಚುಗಡೆಯ ದಾರಿಗೆ ಬಂದಿವೆ.

ಇದರಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಬಲೆ, ಆಮೇಲೆ ಸಂಖ್ಯೆ, ಆಮೇಲೆ ಅಳತೆ, ಕೊನೆಗೆ ಮುಚ್ಚುಗಡೆ. ಮೀನು ಅಳಿವೆ ದಾಟುವ ಆ ಆರು ವಾರಗಳನ್ನು ಮೊದಲೇ ಮುಚ್ಚಿದ್ದರೆ ಎಷ್ಟೋ ವರ್ಷಗಳು ಉಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ. ನಾರ್ತ್ ಕೆರೊಲಿನಾದಲ್ಲಿ ಹವ್ಯಾಸಿಗಳ ಋತುವನ್ನು ಸೆಪ್ಟೆಂಬರ್‌ಗೆ ತಳ್ಳಿದ್ದು ಸರಿಯೇ, ಆದರೆ ವೃತ್ತಿಪರರ ಋತು ಶರತ್ಕಾಲದಲ್ಲಿಯೇ, ಅಂದರೆ ಮೀನು ಹೊರಡುವ ಹೊತ್ತಿನಲ್ಲಿಯೇ ನಡೆಯುತ್ತದೆ. ತೂಕದ ಮಿತಿ ಇದೆ ಎಂಬ ಸಮಾಧಾನವಿದ್ದರೂ, ಆ ತೂಕದಲ್ಲಿ ಎಷ್ಟು ಭಾಗ ಮೊಟ್ಟೆ ಹೊತ್ತು ಹೊರಟ ಹೆಣ್ಣುಗಳದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಟೆಕ್ಸಸ್‌ನಲ್ಲಿ ಸರ್ಕಾರಿ ಮರಿಕೇಂದ್ರಗಳಲ್ಲಿ ಫ್ಲೌಂಡರ್ ಮರಿಗಳನ್ನು ಬೆಳೆಸಿ ಕೊಲ್ಲಿಗಳಿಗೆ ಬಿಡುತ್ತಾರೆ. ಬಿಸಿ ಚಳಿಗಾಲಗಳು ಹೆಚ್ಚುತ್ತಿರುವಾಗ ಅದೂ ಬೇಕು, ಆದರೆ ಹಿಡಿಯುವುದನ್ನು ಕಡಿಮೆ ಮಾಡುವುದಕ್ಕೆ ಅದು ಬದಲಿಯಾಗದು.

ಪ್ರಶ್ನೆ ಕೇಳಿದವರು: ರಾಲೀ_ಕುಂದಾಪುರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಹೆಣ್ಣುಗಳನ್ನೇ ಆಯ್ದು ಹಿಡಿಯುವ ನಿಯಮ ಎಂಬ ಮಾತು ನನ್ನ ಯೋಚನೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದೆ. ಇನ್ನೆರಡು ಸಂದೇಹಗಳಿವೆ. ಕನಿಷ್ಠದ ಜೊತೆಗೆ ಗರಿಷ್ಠ ಅಳತೆಯನ್ನೂ ಇಟ್ಟು, ನಡುವಿನ ಗಾತ್ರದವನ್ನು ಮಾತ್ರ ಒಯ್ಯಲು ಬಿಟ್ಟರೆ ದೊಡ್ಡ ತಾಯಿಮೀನುಗಳು ಉಳಿಯುವುದಿಲ್ಲವೇ? ಊರಿನ ಕಡೆ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳನ್ನು ನಿಲ್ಲಿಸುತ್ತಾರಲ್ಲ, ಅಂತಹ ಸರಳ ನಿಯಮ ಇಲ್ಲಿ ಏಕೆ ಸಾಲದು?

ಉತ್ತರ: ಮಲ್ಪೆ_ಬಂದರು

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ಇದು ಜಾರಿಗೆ ಬರುತ್ತದೆ. ನಾಡದೋಣಿಗಳಿಗೆ ವಿನಾಯಿತಿ ಇದೆ. ನಮ್ಮ ನಂಗು, ಅಂದರೆ ಮಲಬಾರ್ ಸೋಲ್, ಗೇಣುದ್ದ ತಲುಪುವುದೂ ಕಷ್ಟವಾದ ಚಿಕ್ಕ ಮೀನು. ಅದರ ಆಯುಷ್ಯ ಕಡಿಮೆ. ಒಂದು ವರ್ಷ ತುಂಬುವ ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ. ಮಳೆಗಾಲ ಇಳಿಯುತ್ತಿದ್ದಂತೆ ತೀರದ ಹತ್ತಿರ ಹಿಂಡುಹಿಂಡಾಗಿ ಸಿಗುತ್ತದೆ. ಒಂದು ವರ್ಷ ಪೆಟ್ಟು ಬಿದ್ದರೂ, ಮರುವರ್ಷ ಮಳೆ, ಗಾಳಿ, ಕಡಲಿನ ಸ್ಥಿತಿ ಅನುಕೂಲವಾಗಿದ್ದರೆ ಅಂತಹ ಮೀನು ಬೇಗ ಚೇತರಿಸಿಕೊಳ್ಳಬಲ್ಲದು. ಫ್ಲೌಂಡರ್ ಹೆಣ್ಣಿಗೆ ಮೊಟ್ಟೆಯಿಡಲು ಸುಮಾರು ಎರಡು ವರ್ಷ ಬೇಕು. ಆ ಎರಡು ವರ್ಷವೂ ಅದು ಹಿನ್ನೀರಿನಲ್ಲಿ, ಗಾಳ, ಬಲೆ, ಈಟಿ ಎಲ್ಲದರ ಕೈಗೆಟಕುವಲ್ಲಿ ಇರುತ್ತದೆ. ಎರಡು ತಿಂಗಳ ರಜೆ ಕೊಟ್ಟು ಉಳಿದ ಹತ್ತು ತಿಂಗಳು ಮಿತಿಯಿಲ್ಲದೆ ಹಿಡಿದರೆ ಆ ಮೀನು ಉಳಿಯುವುದಿಲ್ಲ.

ಇನ್ನೊಂದು ಭೇದವೂ ಇದೆ. ನಮ್ಮಲ್ಲಿ ನಂಗನ್ನೊಂದನ್ನೇ ಗುರಿಯಾಗಿಟ್ಟು ನಿಯಮ ಮಾಡುವುದು ಕಷ್ಟ, ಏಕೆಂದರೆ ಟ್ರಾಲ್ ಬಲೆಗೆ ಅದರ ಜೊತೆ ಹತ್ತಾರು ಜಾತಿಗಳು ಬರುತ್ತವೆ. ಅದಕ್ಕಾಗಿ ನಮ್ಮ ಚರ್ಚೆಯೆಲ್ಲ ಬಲೆಯ ಕಣ್ಣಿನ ಅಳತೆ, ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ದೀಪ ಹಾಕಿ ಮೀನು ಸೆಳೆಯುವ ಬೆಳಕಿನ ಮೀನುಗಾರಿಕೆಗಳ ಸುತ್ತ ನಡೆಯುತ್ತದೆ. ಕೇರಳ ಹಲವು ಜಾತಿಗಳಿಗೆ ಕನಿಷ್ಠ ಅಳತೆ ನಿಗದಿ ಮಾಡಿ, ಅದಕ್ಕಿಂತ ಚಿಕ್ಕವನ್ನು ದಡಕ್ಕೆ ತಂದರೆ ದಂಡ ಹಾಕುತ್ತದೆ. ನಾರ್ತ್ ಕೆರೊಲಿನಾದಿಂದ ನಾವು ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಒಟ್ಟು ತೂಕದ ಮಿತಿ ಮತ್ತು ಮೀರಿದ್ದನ್ನು ಮರುವರ್ಷ ಕಳೆಯುವ ಪದ್ಧತಿ. ಬೂತಾಯಿ, ಬಂಗುಡೆಗಳ ವಿಷಯದಲ್ಲಿ ಅಂತಹ ಲೆಕ್ಕ ನಮ್ಮ ಬಂದರುಗಳಲ್ಲಿಯೂ ಬರಲೇಬೇಕೆಂಬುದು ನನ್ನ ಬಲವಾದ ಆಗ್ರಹ.

ಉತ್ತರ: ಅಳಿವೆ_ಅಧ್ಯಯನ

ನಡುವಿನ ಗಾತ್ರದ ಮಿತಿಯ ಬಗ್ಗೆ. ರೆಡ್ ಡ್ರಮ್ ಮೀನಿಗೆ ನಾರ್ತ್ ಕೆರೊಲಿನಾದಲ್ಲಿ 18ರಿಂದ 27 ಅಂಗುಲದ ನಡುವಿನವನ್ನು ಮಾತ್ರ ಇಟ್ಟುಕೊಳ್ಳುವ ನಿಯಮ ಬಹಳ ಕಾಲದಿಂದ ಇದೆ, ಮತ್ತು ಅದು ಆ ಮೀನಿಗೆ ಒಳ್ಳೆಯದನ್ನೇ ಮಾಡಿದೆ. ಆದರೆ ರೆಡ್ ಡ್ರಮ್ ದಶಕಗಳ ಕಾಲ ಬದುಕುತ್ತದೆ. 27 ಅಂಗುಲ ದಾಟಿದರೆ ಮುಂದೆ ಎಷ್ಟೋ ವರ್ಷ ಮೊಟ್ಟೆಯಿಡುತ್ತದೆ. ಫ್ಲೌಂಡರ್‌ಗೆ ಅಷ್ಟು ದೀರ್ಘ ಆಯುಷ್ಯವಿಲ್ಲ. ಗರಿಷ್ಠ ಅಳತೆಯಿಂದ ಉಳಿಯುವ ದೊಡ್ಡ ಹೆಣ್ಣುಗಳು ಈಗ ನೀರಿನಲ್ಲಿ ಬಹಳ ಇಲ್ಲ, ಏಕೆಂದರೆ ಅವು ಆ ಗಾತ್ರಕ್ಕೆ ಬರುವ ಮೊದಲೇ ಹಿಡಿಯಲ್ಪಟ್ಟಿವೆ. ಸಂತತಿ ಚೇತರಿಸಿಕೊಂಡು ಹಿರಿಯ ಮೀನುಗಳು ಮತ್ತೆ ಕಾಣಿಸಿಕೊಂಡಾಗ ಗರಿಷ್ಠ ಮಿತಿಗೆ ಅರ್ಥ ಬರುತ್ತದೆ. ಒಂದು ವೇಳೆ ಕನಿಷ್ಠ ಅಳತೆಯನ್ನು ಇಳಿಸಿ, ಗಂಡುಗಳಿಗೂ ಪಾಲು ಬರುವಂತೆ ಮಾಡಿದರೆ ಹೆಣ್ಣಿನ ಮೇಲಿನ ಹೊರೆ ಸ್ವಲ್ಪ ತಗ್ಗೀತು ಎಂಬ ವಾದವನ್ನೂ ನಾನು ಗಂಭೀರವಾಗಿ ಪರಿಗಣಿಸುತ್ತೇನೆ. ಒಟ್ಟು ತೂಕದ ಮಿತಿ ಬಿಗಿಯಾಗಿರುವಾಗ ಮಾತ್ರ ಅದನ್ನು ಪರೀಕ್ಷಿಸಿ ನೋಡಬಹುದು.

ಇನ್ನು ಹವ್ಯಾಸಿಯಾದ ನೀವು ಮಾಡಬಹುದಾದದ್ದು. ವೃತ್ತಿಪರರು ಮಾರಿದ ಪ್ರತಿ ಮೀನಿಗೂ ಚೀಟಿ ಇರುತ್ತದೆ, ಹವ್ಯಾಸಿಗಳು ಒಯ್ದದ್ದನ್ನು ಮಾತ್ರ ಸಮೀಕ್ಷೆಗಳಿಂದ ಅಂದಾಜು ಮಾಡಬೇಕಾಗುತ್ತದೆ. ಎರಡು ವಾರದ ಋತುವಿನಲ್ಲಿ ಅಂತಹ ಅಂದಾಜು ಸ್ವಲ್ಪ ಹೆಚ್ಚುಕಡಿಮೆಯಾದರೂ ಮರುವರ್ಷದ ಋತುವೇ ಇಲ್ಲವಾಗಬಹುದು. ಇದೇ ಕಾರಣಕ್ಕೆ 2023ರಲ್ಲಿ ಆದ ಕಾನೂನಿನ ಪ್ರಕಾರ ಫ್ಲೌಂಡರ್, ರೆಡ್ ಡ್ರಮ್, ಸ್ಪೆಕಲ್ಡ್ ಟ್ರೌಟ್, ವೀಕ್‌ಫಿಶ್, ಸ್ಟ್ರೈಪ್ಡ್ ಬಾಸ್ ಎಂಬ ಐದು ಮೀನುಗಳನ್ನು ಇಟ್ಟುಕೊಂಡರೆ ಕಡ್ಡಾಯವಾಗಿ ವರದಿ ಮಾಡಬೇಕು. 2025ರ ಡಿಸೆಂಬರ್‌ನಿಂದ ಅದು ಜಾರಿಗೆ ಬಂದಿದೆ. ದಯವಿಟ್ಟು ಒಂದು ಮೀನು ಸಿಕ್ಕರೂ ವರದಿ ಮಾಡಿ, ನಿಮ್ಮ ಜೊತೆ ಬರುವ ಗೆಳೆಯರಿಗೂ ಹೇಳಿ. ಋತು ಮುಚ್ಚಿದ್ದಾಗ ಫ್ಲೌಂಡರ್ ಗಾಳಕ್ಕೆ ಬಿದ್ದರೆ ಬಿಸಿ ಹಲಗೆಯ ಮೇಲೆ ಇಟ್ಟು ಫೋಟೋ ತೆಗೆಯುತ್ತ ಕೂರದೆ, ಒದ್ದೆ ಕೈಯಿಂದ ಹಿಡಿದು, ಗಾಳ ಆಳಕ್ಕೆ ಹೋಗಿದ್ದರೆ ದಾರವನ್ನು ಕತ್ತರಿಸಿ, ಕೂಡಲೇ ನೀರಿಗೆ ಬಿಡಿ. ಆಯೋಗದ ಸಭೆಗಳಲ್ಲಿ ಸಾರ್ವಜನಿಕರಿಗೆ ಮಾತನಾಡಲು ಸಮಯ ಮೀಸಲಿರುತ್ತದೆ, ಲಿಖಿತ ಅಭಿಪ್ರಾಯವನ್ನೂ ಸ್ವೀಕರಿಸುತ್ತಾರೆ. ಶರತ್ಕಾಲದಲ್ಲಿ ಅಳಿವೆ ಬಾಯಿಗಳ ಸುತ್ತ ಎಲ್ಲ ವಿಧದ ಹಿಡಿತಕ್ಕೂ ಕೆಲವು ವಾರ ಬಿಡುವು ಕೊಡಬೇಕೆಂದು ನೀವು ಅಲ್ಲಿ ಬರೆದು ಕಳುಹಿಸುವುದಾದರೆ, ಪತ್ರಕ್ಕೆ ಬೇಕಾದ ವೈಜ್ಞಾನಿಕ ವಿವರಗಳನ್ನು ಜೋಡಿಸಿಕೊಡಲು ನಾನು ಸಿದ್ಧನಿದ್ದೇನೆ.